ಬೋರ್ಡಿನಲ್ಲಿ ಕನ್ನಡ ಬೇಕು, ಸರಿ. ಆಸ್ಪತ್ರೆಯಲ್ಲಿ ಯಾರು ಕೂತಿದ್ದಾರೆ ನೋಡಿದ್ರಾ?



ಒಂದು ನೇರ ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮೂರಿನ ಪಿಎಚ್‌ಸಿಯಲ್ಲಿ, ಅಂದ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ನಿಮ್ಮ ಅಜ್ಜಿ ತನ್ನ ನೋವನ್ನು ತನ್ನ ಮಾತಿನಲ್ಲೇ ಹೇಳಿಕೊಳ್ಳಬಹುದಾ? ಡಾಕ್ಟರಿಗೆ, ನರ್ಸಮ್ಮನಿಗೆ, ಔಷಧಿ ಕೊಡುವವರಿಗೆ, ಈ ಮೂವರಲ್ಲಿ ಒಬ್ಬರಿಗಾದರೂ ಅದು ಅರ್ಥ ಆಗ್ತದಾ? ಆಗ್ತದೆ ಅಂದ್ರೆ ನೀವು ಅದೃಷ್ಟವಂತರು. ಆಗಲ್ಲ ಅಂದ್ರೆ ಈ ಬರಹ ಪೂರ್ತಿ ಓದಿ, ನಿಮ್ಮ ವಾಟ್ಸಾಪ್ ಗುಂಪಿಗೂ ಹಾಕಿ.

ಕಾಸರಗೋಡಿನಿಂದ ಆದೋನಿವರೆಗೆ ಕನ್ನಡ ಸಂಘಟನೆಗಳು ಕೊಡುವ ಮನವಿ ಪತ್ರಗಳನ್ನು ತೆಗೆದು ನೋಡಿ. ಶಾಲೆಗೆ ಕನ್ನಡ ಬಲ್ಲ ಮೇಷ್ಟ್ರು ಬೇಕು, ಪಠ್ಯಪುಸ್ತಕ ಸರಿಯಾದ ಹೊತ್ತಿಗೆ ಬರಬೇಕು, ಬಸ್ಸಿನ ಬೋರ್ಡು ಕನ್ನಡದಲ್ಲಿರಬೇಕು, ಪಂಚಾಯತಿನ ನೋಟಿಸು ಕನ್ನಡದಲ್ಲಿ ಬರಬೇಕು. ಎಲ್ಲವೂ ನ್ಯಾಯವಾದ ಬೇಡಿಕೆಗಳೇ, ಒಂದನ್ನೂ ಬಿಡೋದು ಬೇಡ. ಆದ್ರೆ ಮನುಷ್ಯ ತನ್ನ ಭಾಷೆಗಾಗಿ ಅತಿ ಹೆಚ್ಚು ಹಂಬಲಿಸೋದು ಕಾಯಿಲೆ ಬಿದ್ದಾಗ. ಆ ಜಾಗದ ಬಗ್ಗೆ ಮನವಿ ಪತ್ರಗಳಲ್ಲಿ ಒಂದು ಸಾಲು ಸಿಗೋದೂ ಕಷ್ಟ. ಸಿಕ್ಕಿದ್ರೂ "ಡಾಕ್ಟರನ್ನು ನೇಮಿಸಿ" ಅನ್ನೋದರಲ್ಲಿ ಮುಗೀತದೆ. ಯಾವ ಡಾಕ್ಟರು, ಎಲ್ಲಿ ತರಬೇತಿ ಆದವರು, ಎಷ್ಟು ದಿನ ಇರ್ತಾರೆ, ನಮ್ಮ ಮಾತು ಬರ್ತದಾ ಅಂತ ಯಾರೂ ಕೇಳೋದಿಲ್ಲ.

ಮಾತು ತಪ್ಪಿದ್ರೆ ಏನಾಗ್ತದೆ

"ಕಾಯಿಲೆಗೆ ಭಾಷೆ ಉಂಟಾ ಮಾರಾಯ್ರೆ, ರಕ್ತ ಪರೀಕ್ಷೆ ಮಾಡಿದ್ರೆ ಗೊತ್ತಾಗ್ತದಲ್ಲ" ಅಂತ ಹೇಳೋರು ಇದ್ದಾರೆ. ಅವರು ಹೀಗೆ ಯೋಚನೆ ಮಾಡಲಿ. ಎದೆ ಹಿಡಿದಂಗೆ ಆಗ್ತದೆ, ಎದೆ ಉರೀತದೆ, ಎದೆ ಡವಡವ ಅಂತದೆ, ಎದೆ ಭಾರ ಆಗ್ತದೆ. ನಾಲ್ಕೂ ಬೇರೆ ಬೇರೆ. ಜೊತೆಗೆ ಬಂದ ಹುಡುಗ ನಾಲ್ಕನ್ನೂ ಸೇರಿಸಿ "ಎದೆ ನೋವು" ಅಂತ ಮಲಯಾಳದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ಹೇಳಿಬಿಟ್ಟರೆ ಡಾಕ್ಟರಿಗೆ ಸಿಕ್ಕಿದ್ದು ಅರ್ಧ ಮಾಹಿತಿ. ಪರೀಕ್ಷೆ ಯಾವುದು ಮಾಡಿಸಬೇಕು ಅಂತ ತೀರ್ಮಾನ ಆಗೋದೇ ರೋಗಿ ಹೇಳಿದ ಮಾತಿನ ಮೇಲೆ.

ಹೆಂಗಸರ ಕಷ್ಟ ಇನ್ನೂ ಹೆಚ್ಚು. ಮುಟ್ಟು ನಿಂತಿದ್ದು, ಬಿಳುಪು ಹೋಗೋದು, ಗರ್ಭ ಜಾರಿದ್ದು, ಮನೆಯಲ್ಲಿ ಹೊಡೆತ ತಿಂದಿದ್ದು. ಇದನ್ನೆಲ್ಲ ಹದಿನೈದು ವರ್ಷದ ಮೊಮ್ಮಗನನ್ನೋ ಪಕ್ಕದ ಮನೆಯವರನ್ನೋ ಮಧ್ಯೆ ಕೂರಿಸಿಕೊಂಡು ಯಾವ ತಾಯಿ ಹೇಳ್ತಾಳೆ? "ಸೊಂಟ ನೋವು" ಅಂದು ಮಾತ್ರೆ ತಗೊಂಡು ಎದ್ದು ಬರ್ತಾಳೆ. ಕ್ಷಯಕ್ಕೆ ಆರು ತಿಂಗಳು ಬಿಡದೆ ಮಾತ್ರೆ ನುಂಗಬೇಕು. ಅರ್ಧಕ್ಕೆ ಬಿಟ್ಟರೆ ಏನಾಗ್ತದೆ ಅನ್ನೋದನ್ನ ರೋಗಿಗೆ ಅರ್ಥ ಆಗುವ ಮಾತಲ್ಲಿ ಕೂರಿಸಿ ಹೇಳಬೇಕು. ಸಕ್ಕರೆ ಕಾಯಿಲೆಯವರಿಗೆ ಕಾಲಿನ ಗಾಯದ ಬಗ್ಗೆ ಹೇಳಬೇಕು. ಮನಸ್ಸಿನ ಕಾಯಿಲೆಯಲ್ಲಂತೂ ಮಾತೇ ಪರೀಕ್ಷೆ, ಅರ್ಧ ಚಿಕಿತ್ಸೆಯೂ ಮಾತೇ. ಇದು ಭಾಷಾಭಿಮಾನದ ವಿಷಯ ಆಗೋದಕ್ಕೆ ಮೊದಲು ಜೀವದ ವಿಷಯ.

ಪಡ್ರೆಯ ಕತೆ ನೆನಪಿಸಿಕೊಳ್ಳಿ. ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಊರು. ಸುತ್ತಲಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದರು. ಊರಿನ ಮನೆಮನೆಗಳಲ್ಲಿ ಒಂದೇ ಥರದ ವಿಚಿತ್ರ ಕಾಯಿಲೆಗಳು ಕಾಣ್ತಿವೆಯಲ್ಲ ಅಂತ ಮೊದಲಿಗೆ ಗಮನಿಸಿ, ಬರೆದು, ಕೂಗಿ ಹೇಳಿದವರಲ್ಲಿ ಅಲ್ಲೇ ಇದ್ದು ಚಿಕಿತ್ಸೆ ಕೊಡ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಒಬ್ಬರು. ಅವರಿಗೆ ಅದು ಹೇಗೆ ಕಂಡಿತು? ವರ್ಷಗಟ್ಟಲೆ ಒಂದೇ ಊರಲ್ಲಿದ್ದರು, ಯಾವ ಮನೆಯಲ್ಲಿ ಯಾರಿಗೆ ಏನಾಗಿದೆ ಅಂತ ಗೊತ್ತಿತ್ತು, ಜನ ಅವರ ಹತ್ತಿರ ಮನಬಿಚ್ಚಿ ಮಾತಾಡ್ತಿದ್ರು. ಮೂರು ತಿಂಗಳಿಗೊಮ್ಮೆ ಬದಲಾಗುವ, ರೋಗಿಯ ಮಾತು ತಿಳಿಯದ ಡಾಕ್ಟರು ಆ ಕುರ್ಚಿಯಲ್ಲಿದ್ದಿದ್ರೆ ಒಬ್ಬೊಬ್ಬ ರೋಗಿಯೂ ಬೇರೆ ಬೇರೆ ಚೀಟಿಯಾಗಿ ಹೋಗಿರ್ತಿದ್ದ. 2011ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಎಂಡೋಸಲ್ಫಾನನ್ನು ತಡೆ ಹಿಡಿಯಿತು. ಆ ದಾರಿ ಶುರುವಾಗಿದ್ದು ಇಂಥ ಊರ ದವಾಖಾನೆಗಳಿಂದ.

ಹಳ್ಳಿ ತರಬೇತಿ ಅನ್ನೋ ಹಳೇ ಕತೆ

ವೈದ್ಯ ವಿದ್ಯಾರ್ಥಿಗಳನ್ನು ಹಳ್ಳಿಗೆ ಕಳಿಸಬೇಕು ಅನ್ನೋದು ಹೊಸ ಮಾತೇನಲ್ಲ. 1946ರಲ್ಲೇ ಭೋರ್ ಸಮಿತಿ ಪ್ರತಿ ವಿದ್ಯಾರ್ಥಿಗೂ 3 ತಿಂಗಳು ಜನಾರೋಗ್ಯದ ತರಬೇತಿ ಬೇಕು ಅಂತ ಬರೆದಿತ್ತು. 1977ರಲ್ಲಿ 'ರೋಮ್' ಅನ್ನೋ ಯೋಜನೆ ಬಂತು. ಪ್ರತಿ ಮೆಡಿಕಲ್ ಕಾಲೇಜು 3 ಬ್ಲಾಕುಗಳ ಹೊಣೆ ಹೊರಬೇಕು, ಹುಡುಗರು ಹಳ್ಳಿಗೆ ಹೋಗಿ ಕಲೀಬೇಕು ಅಂತ ಆಸೆ. ಕಾಲೇಜುಗಳಿಗೆ ಸಂಚಾರಿ ಕ್ಲಿನಿಕ್ಕಿನ ವಾಹನಗಳೂ ಬಂದವು. ವಾಹನ ಹಳೇದಾಯ್ತು, ಯೋಜನೆಯೂ ಹಳೇದಾಯ್ತು.

ಈಗಿನ ನಿಯಮ ಏನು? 2021ರ ನಿಯಮದ ಪ್ರಕಾರ ಎಂಬಿಬಿಎಸ್ ಮುಗಿಸಿದವರ 12 ತಿಂಗಳ ಇಂಟರ್ನ್‌ಶಿಪ್‌ನಲ್ಲಿ 12 ವಾರ ಸಮುದಾಯ ವೈದ್ಯ ವಿಭಾಗದ್ದು. ಪಿಜಿ ಓದುವವರು 3 ತಿಂಗಳು ಜಿಲ್ಲಾ ಆಸ್ಪತ್ರೆ ಮಟ್ಟದಲ್ಲಿ ಕೆಲಸ ಮಾಡಬೇಕು ಅಂತ 2020ರಲ್ಲಿ ಆದೇಶ ಬಂತು. ಮೊದಲ ವರ್ಷದಿಂದಲೇ ಒಂದಿಷ್ಟು ಹಳ್ಳಿ ಕುಟುಂಬಗಳನ್ನು 'ದತ್ತು' ತಗೊಂಡು ಮತ್ತೆ ಮತ್ತೆ ಭೇಟಿ ಕೊಡುವ ಕಾರ್ಯಕ್ರಮವೂ ಕೆಲ ವರ್ಷಗಳಿಂದ ಇದೆ. ನರ್ಸಿಂಗ್ ಓದುವವರಿಗೂ ಹಳ್ಳಿ ಪೋಸ್ಟಿಂಗ್ ಇದೆ. ಕಾಗದದ ಮೇಲೆ ಕೊರತೆ ಏನೂ ಇಲ್ಲ.

ಆದ್ರೆ ಹುಡುಗರು ಹೋಗೋದು ಎಲ್ಲಿಗೆ? ಪ್ರತಿ ಕಾಲೇಜಿಗೂ ಒಂದು ಗ್ರಾಮೀಣ ಆರೋಗ್ಯ ತರಬೇತಿ ಕೇಂದ್ರ ಇರ್ತದೆ, ಅದು ಸಾಮಾನ್ಯವಾಗಿ ಕಾಲೇಜಿನ ಹತ್ತಿರದಲ್ಲೇ. ಬೆಳಿಗ್ಗೆ ಕಾಲೇಜು ಬಸ್ಸಲ್ಲಿ ಹೋಗಿ ಮಧ್ಯಾಹ್ನಕ್ಕೆ ವಾಪಸ್. ಈರೋಡು ಜಿಲ್ಲೆಯ ಸರಕಾರಿ ಮೆಡಿಕಲ್ ಕಾಲೇಜು ಇರೋದು ಪೆರುಂದುರೈಯಲ್ಲಿ. ತಾಳವಾಡಿ ಇರೋದು ದಿಂಬಂ ಘಾಟಿಯ 27 ತಿರುವುಗಳ ಮೇಲೆ, ಕಾಡಿನ ಆಚೆ. ಅದೇ ಜಿಲ್ಲೆ, ಆದ್ರೆ ಎರಡು ಲೋಕ. ಗಡಿ ತಾಲೂಕು ಅಂದ್ರೆ ರಾಜ್ಯದ ನಕ್ಷೆಯಲ್ಲಿ ಕೊನೇ ಬಾಗಿಲು. ತರಬೇತಿಯ ಬಸ್ಸು ಅಲ್ಲಿಗೆ ಬರೋದಿಲ್ಲ, ತರಬೇತಿ ಮುಗಿಸಿದ ಡಾಕ್ಟರೂ ಬರೋದಿಲ್ಲ. ಈ ಎರಡಕ್ಕೂ ನಂಟು ಇದೆ. ನೋಡದ ಊರಿಗೆ ಯಾರೂ ಕೆಲಸ ಕೇಳಿಕೊಂಡು ಬರೋದಿಲ್ಲ.

ಹಾಗಾದ್ರೆ ಯಾರು ಬರ್ತಾರೆ? ಯಾರು ಉಳೀತಾರೆ?

ಇದನ್ನು ಪ್ರಪಂಚದ ಬೇರೆ ಬೇರೆ ಕಡೆ 50 ವರ್ಷದಿಂದ ಪರೀಕ್ಷೆ ಮಾಡಿ ನೋಡಿದ್ದಾರೆ. ಅಮೆರಿಕದ ಫಿಲಡೆಲ್ಫಿಯಾದ ಜೆಫರ್ಸನ್ ಮೆಡಿಕಲ್ ಕಾಲೇಜು 1974ರಿಂದ ಹಳ್ಳಿಯಲ್ಲಿ ಬೆಳೆದ, ಹಳ್ಳಿಯಲ್ಲೇ ಕೆಲಸ ಮಾಡುವ ಮನಸ್ಸಿರುವ ಹುಡುಗರನ್ನು ಬೇರೆಯಾಗಿ ಆರಿಸಿ ಓದಿಸಿತು. ದಶಕಗಳ ನಂತರ ನೋಡಿದರೆ, ಅದೇ ಕಾಲೇಜಿನ ಉಳಿದವರಿಗಿಂತ ಇವರು ಹಳ್ಳಿಗಳಲ್ಲಿ ಎಷ್ಟೋ ಪಾಲು ಹೆಚ್ಚು ಸಿಕ್ಕಿದರು, ಅಲ್ಲೇ ಉಳಿದರೂ ಕೂಡ. ಜಪಾನಿನಲ್ಲಿ 1972ರಲ್ಲಿ ಜಿಚಿ ವೈದ್ಯ ವಿಶ್ವವಿದ್ಯಾಲಯ ಶುರುವಾಯ್ತು. ಪ್ರತಿ ಪ್ರಾಂತ್ಯದಿಂದ ಎರಡೋ ಮೂರೋ ಹುಡುಗರು. ಖರ್ಚು ಪ್ರಾಂತ್ಯದ್ದು. ಓದು ಮುಗಿದ ಮೇಲೆ 9 ವರ್ಷ ತಮ್ಮ ತವರು ಪ್ರಾಂತ್ಯಕ್ಕೇ ವಾಪಸ್ ಬಂದು ದುಡೀಬೇಕು. ಆಸ್ಟ್ರೇಲಿಯಾ 2000ದಿಂದೀಚೆಗೆ ಊರ ಕಡೆಯೇ ಕ್ಲಿನಿಕಲ್ ಶಾಲೆಗಳನ್ನು ಕಟ್ಟಿ, ಸರಕಾರಿ ನೆರವಿನ ವಿದ್ಯಾರ್ಥಿಗಳಲ್ಲಿ 25%ರಷ್ಟು ಮಂದಿ ಕನಿಷ್ಠ 1 ವರ್ಷ ಅಲ್ಲಿ ಕಲಿಯಬೇಕು ಅಂತ ಗುರಿ ಇಟ್ಟಿತು.

ಇದನ್ನೆಲ್ಲ ಸೇರಿಸಿ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಂದು ಮಾರ್ಗಸೂಚಿ ಮಾಡಿತು, 2021ರಲ್ಲಿ ಅದನ್ನು ಪರಿಷ್ಕರಿಸಿತು. ಸಾರ ಇಷ್ಟೇ: ಹಳ್ಳಿ ಮಕ್ಕಳಿಗೆ ಸೀಟು ಕೊಡಿ, ಕಾಲೇಜನ್ನು ರಾಜಧಾನಿಯಿಂದ ದೂರ ಕಟ್ಟಿ, ಓದುವಾಗಲೇ ಹಳ್ಳಿಯಲ್ಲಿ ತರಬೇತಿ ಕೊಡಿ, ಬಂದವರನ್ನು ಚೆನ್ನಾಗಿ ನೋಡಿಕೊಳ್ಳಿ. ಪುರಾವೆಗಳೆಲ್ಲ ಒಂದೇ ಗಟ್ಟಿಯಾಗಿಲ್ಲ ಅಂತ ಆ ಸಂಸ್ಥೆಯೇ ಒಪ್ಪಿಕೊಂಡಿದೆ. ಹಳ್ಳಿ ತರಬೇತಿಯನ್ನು ತಾವಾಗಿ ಆರಿಸಿಕೊಂಡವರಿಗೆ ಮೊದಲೇ ಹಳ್ಳಿ ಮೇಲೆ ಮನಸ್ಸಿತ್ತು, ತರಬೇತಿಯಿಂದ ಏನೂ ಬದಲಾಗಿಲ್ಲ ಅನ್ನೋ ವಾದವೂ ಇದೆ. ಆ ವಾದ ಸುಳ್ಳಲ್ಲ. ಆದ್ರೆ ಅದು ನಮ್ಮ ಮಾತನ್ನೇ ಗಟ್ಟಿ ಮಾಡ್ತದೆ. ನಗರದ ಹುಡುಗನನ್ನು ಹಿಡಿದು 12 ವಾರ ಹಳ್ಳಿಯಲ್ಲಿ ಕೂರಿಸಿದ್ರೆ ಅವನು ಹಳ್ಳಿ ಡಾಕ್ಟರಾಗಲ್ಲ. ಊರ ಹುಡುಗಿಗೆ ಸೀಟು ಕೊಟ್ಟು, ಊರ ಕಡೆಯೇ ತರಬೇತಿ ಕೊಟ್ಟು, ಊರಲ್ಲೇ ಹುದ್ದೆ ಕೊಟ್ಟರೆ ಉಳಿಯುವ ಸಾಧ್ಯತೆ ಹೆಚ್ಚು. ಈ ಮೂರು ಕೊಂಡಿಯಲ್ಲಿ ಒಂದು ತಪ್ಪಿದ್ರೂ ಸರಪಳಿ ಕಡಿದು ಹೋಗ್ತದೆ.

ದೂರದ ಉದಾಹರಣೆ ಬೇಡ ಅಂತೀರಾ? ನೀಲಗಿರಿಯ ಗೂಡಲೂರಿಗೆ ಹೋಗಿ ನೋಡಿ. 1987ರಲ್ಲಿ ಡಾ. ದೇವದಾಸನ್, ಡಾ. ರೂಪಾ ದಂಪತಿ ಅಲ್ಲಿಗೆ ಬಂದರು. 1990ರಲ್ಲಿ ಆದಿವಾಸಿಗಳ ಆಸ್ಪತ್ರೆ ಎದ್ದು ನಿಂತಿತು, ಹೆಸರು ಅಶ್ವಿನಿ. ಪಣಿಯ, ಬೆಟ್ಟಕುರುಂಬ, ಕಾಟುನಾಯಕ, ಮುಳ್ಳುಕುರುಂಬರ ಹಾಡಿಗಳಿಂದ ಬಂದ ಹುಡುಗಿಯರಿಗೇ ನರ್ಸಿಂಗ್ ಕಲಿಸಿದರು. ಹೊರಗಿನಿಂದ ನರ್ಸ್ ತಂದ್ರೆ ಆರು ತಿಂಗಳಲ್ಲಿ ಬೆಟ್ಟ ಇಳೀತಾರೆ. ಹಾಡಿಯ ಹುಡುಗಿ ಎಲ್ಲಿಗೆ ಹೋಗ್ತಾಳೆ? ಅವಳ ಮನೆ ಅಲ್ಲೇ ಇದೆ. ಆಸ್ಪತ್ರೆ ಅಂದ್ರೆ ಹೆದರಿ ದೂರ ಇರ್ತಿದ್ದ ಜನ ತಮ್ಮ ಮಾತಾಡುವ ಹುಡುಗಿ ಬಿಳಿ ಬಟ್ಟೆಯಲ್ಲಿ ನಿಂತಿದ್ದು ನೋಡಿ ಒಳಗೆ ಬಂದರು. ತಾಳವಾಡಿಯ ನೆರೆಯ ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಡಾ. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ್ದೂ ಇದೇ ದಾರಿ. ಅಷ್ಟೇ ಯಾಕೆ, 2005ರಲ್ಲಿ ಬಂದ ಆಶಾ ಕಾರ್ಯಕರ್ತೆ ಯೋಜನೆಯ ಮೊದಲ ನಿಯಮವೇ ಆಕೆ ಅದೇ ಊರಿನ ಹೆಂಗಸಾಗಿರಬೇಕು ಅನ್ನೋದು. ಆಶಾಗೆ ಒಪ್ಪಿದ ತತ್ವ ನರ್ಸಿಗೆ ಯಾಕೆ ಒಪ್ಪಲ್ಲ? ಡಾಕ್ಟರಿಗೆ ಯಾಕೆ ಒಪ್ಪಲ್ಲ?

ಈಗಲೇ ಯಾಕೆ ಕೂಗಬೇಕು

ಯಾಕಂದ್ರೆ ಮೆಡಿಕಲ್ ಕಾಲೇಜುಗಳು ನಮ್ಮ ಅಂಗಳಕ್ಕೇ ಬಂದಿವೆ. 2022ರ ಜನವರಿಯಲ್ಲಿ ತಮಿಳುನಾಡಿನಲ್ಲಿ ಒಟ್ಟಿಗೆ 11 ಸರಕಾರಿ ಕಾಲೇಜು ಉದ್ಘಾಟನೆ ಆದವು. ಅದರಲ್ಲಿ ಒಂದು ಕೃಷ್ಣಗಿರಿಯಲ್ಲಿ, ಹೊಸೂರಿನವರ ಜಿಲ್ಲೆ. ಇನ್ನೊಂದು ನೀಲಗಿರಿಯಲ್ಲಿ. 2024ರಲ್ಲಿ ತೆಲಂಗಾಣದ ನಾರಾಯಣಪೇಟೆ, ಗದ್ವಾಲಗಳಲ್ಲಿ ಕಾಲೇಜು ಬಂತು. 2025ರಲ್ಲಿ ಕಾಸರಗೋಡು, ವಯನಾಡು ಎರಡಕ್ಕೂ ತಲಾ 50 ಎಂಬಿಬಿಎಸ್ ಸೀಟಿಗೆ ಅನುಮತಿ ಸಿಕ್ಕಿತು. ಅಕ್ಕಲಕೋಟೆಯವರಿಗೆ ಸೊಲ್ಲಾಪುರದ ಕಾಲೇಜು 1963ರಿಂದಲೇ ಇದೆ. ಹತ್ತು ವರ್ಷದ ಹಿಂದೆ "ನಮ್ಮಲ್ಲಿ ಕಾಲೇಜೇ ಇಲ್ಲ" ಅಂತ ಹೇಳಬಹುದಿತ್ತು. ಈಗ ಆ ಮಾತು ನಡೆಯಲ್ಲ.

ಹೊಸ ಕಾಲೇಜು ಅಂದ್ರೆ ಹೊಸ ನಿಯಮ, ಹೊಸ ತರಬೇತಿ ಕೇಂದ್ರ, ಹೊಸ ದತ್ತು ಹಳ್ಳಿ. ಯಾವ ಪಿಎಚ್‌ಸಿಗೆ ಹುಡುಗರು ಹೋಗಬೇಕು, ಯಾವ ಹಳ್ಳಿಯ ಕುಟುಂಬಗಳನ್ನು ನೋಡಿಕೊಳ್ಳಬೇಕು ಅನ್ನೋದು ಶುರುವಿನ ವರ್ಷಗಳಲ್ಲಿ ತೀರ್ಮಾನ ಆಗ್ತದೆ. ಒಮ್ಮೆ ಕಟ್ಟಡ ಎದ್ದು, ಹಾಸ್ಟೆಲ್ಲಾಗಿ, ರೂಢಿ ಬಿದ್ದ ಮೇಲೆ ಮೂವತ್ತು ವರ್ಷ ಯಾರೂ ಅದನ್ನು ಬದಲಾಯಿಸೋದಿಲ್ಲ.

ಕಾಸರಗೋಡಿನ ಕಾಲೇಜು ಎಲ್ಲಿದೆ? ಉಕ್ಕಿನಡ್ಕದಲ್ಲಿ, ಬದಿಯಡ್ಕ-ಪೆರ್ಲ ದಾರಿಯಲ್ಲಿ, ಎಂಡೋಸಲ್ಫಾನ್ ಬಿದ್ದ ಊರುಗಳ ಪಕ್ಕದಲ್ಲಿ. ವೈದ್ಯ ಶಿಕ್ಷಣದ ನಿಯಮದಲ್ಲಿ ಮೊದಲ ವರ್ಷದ ಬುನಾದಿ ಕೋರ್ಸಿನಲ್ಲಿ 'ಸ್ಥಳೀಯ ಭಾಷೆ' ಕಲಿಸಬೇಕು ಅಂತ ಇದೆ. ಸರಿ, ಉಕ್ಕಿನಡ್ಕದ ಸ್ಥಳೀಯ ಭಾಷೆ ಯಾವುದು ಸ್ವಾಮಿ? ತಿರುವನಂತಪುರದಲ್ಲಿ ಕೂತವರಿಗೆ ಉತ್ತರ ಸುಲಭ. ಪೆರ್ಲದ ಸಂತೆಯಲ್ಲಿ ನಿಂತವರಿಗೆ ಕನ್ನಡ, ತುಳು, ಮಲಯಾಳ ಮೂರೂ ಕೇಳ್ತದೆ. ಕೊಲ್ಲಂನಿಂದ ಬಂದ ಹುಡುಗಿಗೆ ಎರಡು ತಿಂಗಳು ಆಡುಮಾತಿನ ಕನ್ನಡ ಕಲಿಸಿದ್ರೆ ಮಲಯಾಳಕ್ಕೆ ಏನು ನಷ್ಟ? ಆ ಹುಡುಗಿಗೇ ಲಾಭ, ಎಣ್ಮಕಜೆಯ ಅಜ್ಜಿಗೂ ಲಾಭ.

ಕೇರಳ ಪಿಎಸ್‌ಸಿಯಲ್ಲಿ ಕಾಸರಗೋಡಿಗೆ "ಕನ್ನಡ ಮತ್ತು ಮಲಯಾಳ ಬಲ್ಲ" ಗುಮಾಸ್ತ ಹುದ್ದೆಗೆ ಬೇರೆಯಾಗಿ ಅರ್ಜಿ ಕರೀತಾರೆ. ಹಿಂದಿನವರು ಹೋರಾಡಿ ಉಳಿಸಿಕೊಂಡ ಹಕ್ಕು ಅದು. ಅರ್ಜಿ ಓದುವ ಗುಮಾಸ್ತರಿಗೆ ಕನ್ನಡ ಬರಬೇಕು ಅಂತಾದ್ರೆ ಹೆರಿಗೆ ಮಾಡಿಸುವ ನರ್ಸಿಗೆ, ಕ್ಷಯದ ಮಾತ್ರೆ ಕೊಡುವವರಿಗೆ ಬರಬೇಡವಾ? ಇದೇ ತತ್ವ ಎಲ್ಲ ಆರೋಗ್ಯ ಹುದ್ದೆಗೂ, ಎಲ್ಲ ಗಡಿ ತಾಲೂಕಿಗೂ ಬರಬೇಕು.

ಅಡ್ಡ ಮಾತುಗಳಿಗೆ ಉತ್ತರ

"ನಮಗೆ ಕರ್ನಾಟಕ ಇದೆಯಲ್ಲ, ಮಂಗಳೂರಿಗೋ ವಿಜಯಪುರಕ್ಕೋ ಚಾಮರಾಜನಗರಕ್ಕೋ ಹೋಗ್ತೀವಿ." ಹೋಗ್ತೀವಿ, ನಿಜ. ಆದ್ರೆ 2020ರ ಮಾರ್ಚ್-ಏಪ್ರಿಲ್ ನೆನಪಿದೆಯಾ? ತಲಪಾಡಿಯಲ್ಲಿ ದಾರಿ ಮುಚ್ಚಿದರು. ಮುಚ್ಚಿದ್ದು ಕರ್ನಾಟಕ ಸರಕಾರವೇ. ಮಂಗಳೂರಿಗೆ ಹೋಗಲಾಗದೆ ಕಾಸರಗೋಡಿನ ರೋಗಿಗಳು ಸತ್ತರು. ವಿಷಯ ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮಣ್ಣು ಸುರಿದು ದಾರಿ ಮುಚ್ಚುವಾಗ ಆಚೆ ಇರುವವರು ಕನ್ನಡಿಗರಾ ಅಂತ ಯಾರೂ ಕೇಳಲಿಲ್ಲ. ನಮ್ಮ ಆಸ್ಪತ್ರೆ ನಮ್ಮ ತಾಲೂಕಿನಲ್ಲೇ ಗಟ್ಟಿಯಾಗಿರಬೇಕು ಅನ್ನೋದಕ್ಕೆ ಇದಕ್ಕಿಂತ ಪಾಠ ಬೇಕಾ?

"ಕಡ್ಡಾಯ ಗ್ರಾಮೀಣ ಸೇವೆ ಇದೆಯಲ್ಲ." ಇದೆ. ಮಹಾರಾಷ್ಟ್ರದಲ್ಲಿ ಸರಕಾರಿ ಕಾಲೇಜಿನಲ್ಲಿ ಎಂಬಿಬಿಎಸ್ ಮಾಡಿದವರು 1 ವರ್ಷ ಬಾಂಡ್ ಸೇವೆ ಮಾಡಬೇಕು. ಕರ್ನಾಟಕದಲ್ಲೂ 2012ರ ಕಾಯ್ದೆ ಇದೆ. ಬಾಂಡಿನ ಡಾಕ್ಟರು ದಿನ ಎಣಿಸ್ತಾರೆ, ಕೈಯಲ್ಲಿ ಪಿಜಿ ಪರೀಕ್ಷೆಯ ಪುಸ್ತಕ. ಅವರನ್ನು ಬಯ್ಯೋದು ಬೇಡ, ಅವರ ವಯಸ್ಸಿನಲ್ಲಿ ಯಾರಾದ್ರೂ ಹಾಗೇ ಮಾಡ್ತಾರೆ. ಜತ್ತದ ಹಳ್ಳಿಯಲ್ಲಿ "ಹೊಟ್ಯಾಗ ಕಿವುಚಿದಂಗ ಆಗತೈತ್ರಿ" ಅನ್ನೋ ಮಾತು ಪುಣೆಯ ಹುಡುಗನಿಗೆ ಅರ್ಥ ಆಗೋ ಹೊತ್ತಿಗೆ ಅವನ ವರ್ಷ ಮುಗಿದಿರ್ತದೆ.

"ಊರವರಿಗೇ ಸೀಟು, ಹುದ್ದೆ ಅಂದ್ರೆ ಗುಣಮಟ್ಟ ಇಳೀತದೆ." ಇದು ಪ್ರತಿ ಮೀಸಲಾತಿಗೂ ಹೇಳುವ ಹಳೇ ಮಾತು. ಸೀಟಿಗೆ ಬರುವಾಗ ಇರುವ ಅಂಕದ ವ್ಯತ್ಯಾಸವನ್ನೇ ಎಲ್ಲರೂ ನೋಡ್ತಾರೆ, ಹೊರಗೆ ಹೋಗುವಾಗ ಎಲ್ಲರೂ ಅದೇ ಪರೀಕ್ಷೆ ಪಾಸಾಗಿಯೇ ಹೋಗೋದು ಅನ್ನೋದನ್ನ ಮರೀತಾರೆ. ಖಾಲಿ ಕುರ್ಚಿಯ ಗುಣಮಟ್ಟ ಎಷ್ಟು ಅಂತ ಯಾರಾದ್ರೂ ಅಳೆದಿದ್ದಾರಾ?

"ಹಳ್ಳಿಗೆ ಬಂದ್ರೆ ಹುಡುಗರ ಮುಂದಿನ ದಾರಿ ಮುಚ್ಚಿ ಹೋಗ್ತದೆ." ತಪ್ಪು. ತಮಿಳುನಾಡಿನಲ್ಲಿ ಸರಕಾರಿ ಸೇವೆಯಲ್ಲಿರುವ ಡಾಕ್ಟರುಗಳಿಗೆ ಪಿಜಿಯ ರಾಜ್ಯ ಕೋಟಾದಲ್ಲಿ 50% ಸೀಟು ಮೀಸಲು. ಇಂಥ ಮೀಸಲಾತಿ ಕೊಡುವ ಹಕ್ಕು ರಾಜ್ಯಗಳಿಗೆ ಇದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ. ಊರಲ್ಲಿ ನಾಲ್ಕು ವರ್ಷ ದುಡಿದು ತಜ್ಞರಾಗುವ ದಾರಿ ತೆರೆದಿದೆ. ದಾರಿ ಇಲ್ಲದ ರಾಜ್ಯಗಳಲ್ಲಿ ಅದನ್ನು ಕೇಳೋಣ.

"ಇದು ರಾಜ್ಯ ಭಾಷೆಯ ವಿರುದ್ಧ." ಖಂಡಿತ ಅಲ್ಲ. ತಾಳವಾಡಿಯ ಹುಡುಗಿ ತಮಿಳು ಕಲೀಲೇಬೇಕು. ತಮಿಳುನಾಡಿನ ಸರಕಾರಿ ನೇಮಕಾತಿಯಲ್ಲಿ 2021ರ ಡಿಸೆಂಬರಿನಿಂದ ತಮಿಳು ಪತ್ರಿಕೆ ಪಾಸಾಗೋದು ಕಡ್ಡಾಯ, ಅದರಲ್ಲಿ 40% ಅಂಕ ಬೇಕು. ಮಡಕಶಿರದವರಿಗೆ ತೆಲುಗು, ಅಕ್ಕಲಕೋಟೆಯವರಿಗೆ ಮರಾಠಿ ಬೇಕೇ ಬೇಕು. ಎರಡು ಭಾಷೆ ಬಲ್ಲ ನರ್ಸು ಗಡಿಯಲ್ಲಿ ಎರಡು ಪಟ್ಟು ಉಪಯೋಗಕ್ಕೆ ಬರ್ತಾಳೆ. ನಮ್ಮ ಜಗಳ ಯಾವ ಭಾಷೆಯ ಮೇಲೂ ಇಲ್ಲ. ರೋಗಿಯ ಭಾಷೆಯನ್ನು ಲೆಕ್ಕಕ್ಕೇ ತಗೊಳ್ಳದ ಯೋಜನೆಯ ಮೇಲೆ ಇದೆ.

ತಮ್ಮಂದಿರೇ, ತಂಗಿಯರೇ, ಇದು ನಿಮಗೆ

ಸರಕಾರಕ್ಕೆ ಕೂಗುವಷ್ಟೇ ಮುಖ್ಯವಾದದ್ದು ನೀವು ಯಾವ ಕೋರ್ಸಿಗೆ ಹೋಗ್ತೀರಿ ಅನ್ನೋದು. ಪಿಯುಸಿ, ಪ್ಲಸ್ ಟೂ ಆದ ಮೇಲೆ ಎಲ್ಲರೂ ಇಂಜಿನಿಯರಿಂಗು, ಇಲ್ಲ ಬೆಂಗಳೂರಿನಲ್ಲಿ ಯಾವುದೋ ಕಂಪೆನಿ. ಆರೋಗ್ಯದ ಕಡೆ ನೋಡುವವರೂ ಎಂಬಿಬಿಎಸ್ ಒಂದನ್ನೇ ನೋಡ್ತಾರೆ, ಸಿಗಲಿಲ್ಲ ಅಂದ್ರೆ ಬಿಟ್ಟೇ ಬಿಡ್ತಾರೆ. ಗಡಿ ಪಿಎಚ್‌ಸಿ ನಡೆಯೋದು ಡಾಕ್ಟರೊಬ್ಬರಿಂದ ಅಲ್ಲ. ಎಎನ್‌ಎಂ, ಸ್ಟಾಫ್ ನರ್ಸ್, ಲ್ಯಾಬ್ ಟೆಕ್ನಿಶಿಯನ್, ಫಾರ್ಮಸಿಸ್ಟ್, ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿ, ಎಲ್ಲರೂ ಬೇಕು. 2018ರಿಂದೀಚೆಗೆ ಉಪಕೇಂದ್ರಗಳಿಗೆ ಬಂದಿರುವ ಈ ಆರೋಗ್ಯಾಧಿಕಾರಿ ಹುದ್ದೆ ನರ್ಸಿಂಗ್ ಓದಿದವರಿಗೆ ಒಳ್ಳೇ ಅವಕಾಶ. ಹಳ್ಳಿಯ ಜನ ದಿನಾ ಮಾತಾಡೋದು ಡಾಕ್ಟರ ಹತ್ತಿರ ಅಲ್ಲ, ಇವರ ಹತ್ತಿರ.

ಕೆಲವು ವಿಷಯ ತಿಳಿದಿಟ್ಟುಕೊಳ್ಳಿ.

ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲೂ ಬರೀಬಹುದು. ಆದ್ರೆ ಇಲ್ಲೊಂದು ಗುಂಡಿ ಇದೆ. ಕನ್ನಡ ಪ್ರಶ್ನೆಪತ್ರಿಕೆ ಸಿಗೋದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಸೊಲ್ಲಾಪುರದಲ್ಲೋ ಕಾಸರಗೋಡಿನಲ್ಲೋ ಕೂತು ಕನ್ನಡ ಪತ್ರಿಕೆ ಕೇಳಿದ್ರೆ ಇಲ್ಲ. ಉರ್ದು ಪತ್ರಿಕೆ ದೇಶದ ಎಲ್ಲ ಕೇಂದ್ರಗಳಲ್ಲೂ ಇದೆ, ಇರಲಿ, ಸಂತೋಷ. ಹಾಗಾದ್ರೆ ಕನ್ನಡ ಮಾಧ್ಯಮದಲ್ಲಿ ಓದಿದ ಅಕ್ಕಲಕೋಟೆಯ ಹುಡುಗ ಪರೀಕ್ಷೆಯ ಹಿಂದಿನ ದಿನ ಕಲಬುರಗಿಗೋ ವಿಜಯಪುರಕ್ಕೋ ಬಸ್ಸು ಹತ್ತಬೇಕು ಯಾಕೆ? ಗಡಿ ಜಿಲ್ಲೆಗಳ ಒಂದೊಂದು ಕೇಂದ್ರದಲ್ಲಿ ಕನ್ನಡ ಪತ್ರಿಕೆ ಇಡೋದು ದೊಡ್ಡ ಖರ್ಚೇನಲ್ಲ. ಅಲ್ಲಿಯವರೆಗೆ ಅರ್ಜಿ ತುಂಬುವಾಗ ಕೇಂದ್ರ, ಭಾಷೆ ಎರಡನ್ನೂ ನೋಡಿ ಆರಿಸಿ.

ತಮಿಳುನಾಡಿನ ಸರಕಾರಿ ಶಾಲೆಯಲ್ಲಿ 6ರಿಂದ 12ರವರೆಗೆ ಓದಿದವರಿಗೆ ವೈದ್ಯ ಸೀಟಿನಲ್ಲಿ 7.5% ಮೀಸಲಾತಿ 2020ರಿಂದ ಇದೆ. ತಾಳವಾಡಿ, ಹೊಸೂರು ಕಡೆಯ ಸರಕಾರಿ ಶಾಲೆಯ ಮಕ್ಕಳಿಗೂ ಇದು ಸಲ್ಲುತ್ತದೆ. ಒಂಬತ್ತನೇ ಕ್ಲಾಸಿಗೆ ಖಾಸಗಿ ಶಾಲೆಗೆ ಹೋದ್ರೆ ಈ ಬಾಗಿಲು ಮುಚ್ಚಿತು. ಅಪ್ಪ ಅಮ್ಮನಿಗೆ ಇದನ್ನು ಇವತ್ತೇ ಹೇಳಿ.

ಕರ್ನಾಟಕದ ಸೀಟು ಹಂಚಿಕೆಯಲ್ಲಿ ಗಡಿನಾಡು, ಹೊರನಾಡು ಕನ್ನಡಿಗರಿಗೆ ಅರ್ಹತಾ ನಿಯಮಗಳಿವೆ. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ, ಕಾಸರಗೋಡು, ಮಂಜೇಶ್ವರ, ಹೊಸದುರ್ಗಗಳ ಹೆಸರು ಅದರಲ್ಲಿ ಇದೆ. ಕನ್ನಡ ಪರೀಕ್ಷೆ ಒಂದನ್ನು ಬರೀಬೇಕು. ಕರ್ನಾಟಕದಲ್ಲಿ ನರ್ಸಿಂಗ್ ಓದಿದವರು ವಾಪಸ್ ಬಂದು ನಿಮ್ಮ ರಾಜ್ಯದ ನರ್ಸಿಂಗ್ ಕೌನ್ಸಿಲ್ಲಿನಲ್ಲಿ ನೋಂದಣಿ ಮಾಡಿಸೋದು ಮರೀಬೇಡಿ. ಅದಿಲ್ಲದೆ ಊರಿನ ಸರಕಾರಿ ಹುದ್ದೆಗೆ ಅರ್ಜಿ ಹಾಕಲಾಗೋದಿಲ್ಲ.

ನಾವು ಕೇಳೋದು ಇಷ್ಟು

1. ಗಡಿ ಜಿಲ್ಲೆಗಳ ಪ್ರತಿ ಸರಕಾರಿ ಮೆಡಿಕಲ್, ನರ್ಸಿಂಗ್ ಕಾಲೇಜಿನ ತರಬೇತಿ ಪಟ್ಟಿಯಲ್ಲಿ ಕನ್ನಡ ಮಾತಾಡುವ ಕನಿಷ್ಠ ಒಂದು ಪಿಎಚ್‌ಸಿ ಇರಬೇಕು. ಉಳಿಯಲು ಕೋಣೆ, ಕಲಿಸಲು ಒಬ್ಬ ಹಿರಿಯ ಡಾಕ್ಟರು ಅಲ್ಲಿರಬೇಕು. ಕೊಠಡಿ, ನೀರು, ಬೀಗ ಇಲ್ಲದ ಕಡೆ ಹುಡುಗಿಯರನ್ನು ಕಳಿಸಿ ಅದನ್ನು ಸೇವೆ ಅಂತ ಕರೆಯಬಾರದು.

2. ಆ ಪಿಎಚ್‌ಸಿಗೆ ಪೋಸ್ಟಿಂಗ್ ಕೊಡುವಾಗ ಕನ್ನಡ ಬಲ್ಲ ವಿದ್ಯಾರ್ಥಿಗಳಿಗೆ ಮೊದಲ ಆಯ್ಕೆ, ಬೇಕಾದವರಿಗೆ ಹೆಚ್ಚು ವಾರ.

3. ಬುನಾದಿ ಕೋರ್ಸಿನ 'ಸ್ಥಳೀಯ ಭಾಷೆ'ಯಲ್ಲಿ ಗಡಿ ಕಾಲೇಜುಗಳಲ್ಲಿ ಕನ್ನಡವೂ ಸೇರಬೇಕು.

4. ಗಡಿ ತಾಲೂಕಿನ ಆರೋಗ್ಯ ಹುದ್ದೆಗಳಲ್ಲಿ ಒಂದು ಪಾಲು ಎರಡೂ ಭಾಷೆ ಬಲ್ಲವರಿಗೆ.

5. ಔಷಧಿ ಸೂಚನೆ, ಆಪರೇಷನ್ನಿಗೆ ಸಹಿ ಹಾಕಿಸುವ ಒಪ್ಪಿಗೆ ಪತ್ರ, ಲಸಿಕೆ ಕಾರ್ಡು ಕನ್ನಡದಲ್ಲೂ ಸಿಗಬೇಕು. ಅಲ್ಪಸಂಖ್ಯಾತ ಭಾಷಿಕರು 15% ಇರುವ ಕಡೆ ಮುಖ್ಯ ಸೂಚನೆಗಳು ಅವರ ಭಾಷೆಯಲ್ಲೂ ಬರಬೇಕು ಅನ್ನೋದು ರಾಜ್ಯಗಳು ಎಂದೋ ಒಪ್ಪಿಕೊಂಡ ಮಾತು. ಓದಲಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಅದನ್ನು ಒಪ್ಪಿಗೆ ಅನ್ನೋದು ಮೋಸ.

6. ನೀಟ್ ಕನ್ನಡ ಪ್ರಶ್ನೆಪತ್ರಿಕೆ ಗಡಿ ಜಿಲ್ಲೆಗಳ ಕೇಂದ್ರಗಳಲ್ಲೂ ಬೇಕು.

7. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಭವನ, ಉತ್ಸವಗಳಿಗೆ ಕೊಡುವ ದುಡ್ಡಿನಲ್ಲಿ ಒಂದು ಪಾಲನ್ನು ಗಡಿನಾಡಿನ ನರ್ಸಿಂಗ್, ಪ್ಯಾರಾಮೆಡಿಕಲ್ ವಿದ್ಯಾರ್ಥಿಗಳ ವಿದ್ಯಾರ್ಥಿವೇತನಕ್ಕೆ ಇಡಬೇಕು. ಷರತ್ತು ಒಂದೇ: ಓದಿ ಮುಗಿಸಿ ತಾಲೂಕಿಗೆ ವಾಪಸ್ ಬರಬೇಕು.

ಇದರಲ್ಲಿ ಯಾವುದೂ ಗಡಿ ಬದಲಿಸುವ ಬೇಡಿಕೆ ಅಲ್ಲ. ಯಾವ ರಾಜ್ಯದ ಅಧಿಕಾರಿಯೂ ಇದನ್ನು ರಾಜಕೀಯ ಅಂತ ಪಕ್ಕಕ್ಕೆ ತಳ್ಳುವ ಹಾಗಿಲ್ಲ. ತಳ್ಳಿದ್ರೆ ಸಂವಿಧಾನದ 350ಬಿ ವಿಧಿಯಡಿ ಭಾಷಾ ಅಲ್ಪಸಂಖ್ಯಾತರ ಆಯುಕ್ತರು ಇದ್ದಾರೆ, ಅವರಿಗೆ ಬರೆಯೋಣ.

ಮೊದಲ ಕೆಲಸ ಈ ವಾರವೇ ಮಾಡಬಹುದು. ನಿಮ್ಮೂರಿನ ಪಿಎಚ್‌ಸಿಗೆ ಹೋಗಿ ಮೂರು ವಿಷಯ ಬರೆದುಕೊಂಡು ಬನ್ನಿ: ಎಷ್ಟು ಹುದ್ದೆ ಇದೆ, ಎಷ್ಟು ತುಂಬಿದೆ, ಕನ್ನಡ ಬಲ್ಲವರು ಎಷ್ಟು ಜನ. ಯಾವ ಕಾಲೇಜಿನ ವಿದ್ಯಾರ್ಥಿಗಳು ಅಲ್ಲಿಗೆ ತರಬೇತಿಗೆ ಬರ್ತಾರೆ ಅಂತಲೂ ಕೇಳಿ. ಉತ್ತರ ಕೊಡದಿದ್ರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿಯ ಅರ್ಜಿ ಹಾಕಿ. ಸಿಬ್ಬಂದಿ ಜೊತೆ ಜಗಳ ಬೇಡ, ಅವರ ಹೆಸರು ಫೋಟೋ ಹಾಕೋದೂ ಬೇಡ. ಅವರೂ ಇದೇ ವ್ಯವಸ್ಥೆಯಲ್ಲಿ ಸಿಕ್ಕಿಬಿದ್ದವರು. ತಾಲೂಕು, ಪಂಚಾಯತು, ಅಂಕಿ, ಇಷ್ಟನ್ನು ಕೆಳಗೆ ಕಮೆಂಟಿನಲ್ಲಿ ಬರೀರಿ. ಮಂಜೇಶ್ವರದಿಂದ ಮಡಕಶಿರದವರೆಗೆ ಪಟ್ಟಿ ಒಂದು ಕಡೆ ಸೇರಿದ್ರೆ ಮುಂದಿನ ಮನವಿ ಪತ್ರದಲ್ಲಿ "ಡಾಕ್ಟರನ್ನು ನೇಮಿಸಿ" ಅನ್ನುವ ಒಂದು ಸಾಲಿನ ಬದಲು ಊರೂರಿನ ಲೆಕ್ಕ ಇರ್ತದೆ.

ಮತ್ತೆ, ಈ ವರ್ಷ ಹನ್ನೆರಡನೇ ಕ್ಲಾಸು ಮುಗಿಸುವ ತಂಗಿ ನಿಮ್ಮ ಮನೆಯಲ್ಲಿದ್ರೆ ನರ್ಸಿಂಗ್ ಅರ್ಜಿಯ ಕೊನೇ ದಿನಾಂಕ ಯಾವತ್ತು ಅಂತ ಇವತ್ತು ರಾತ್ರಿಯೇ ನೋಡಿ ಹೇಳಿ.